ಒಂದು ಸೆನ್ಸರ್‌ನ ಹದಿನಾಲ್ಕು ದಿನ: ನಾನು ಬಳಸುವ ಕ್ರಮ

ತೋಳಿಗೆ ಅಂಟಿಸಿಕೊಂಡು 14 ದಿನ ಶುಗರ್ ನೋಡುವ ಸೆನ್ಸರ್ ಒಂದಕ್ಕೆ ಐದು ಸಾವಿರ ರೂಪಾಯಿ ಆಸುಪಾಸು ಬೀಳುತ್ತದೆ. ವರ್ಷವಿಡೀ ಹಾಕಿಕೊಳ್ಳುವುದು ಎಲ್ಲರಿಗೂ ಆಗುವ ಮಾತಲ್ಲ. ನಾನು ಮೂರು ತಿಂಗಳಿಗೊಮ್ಮೆ ಒಂದನ್ನು ಹಾಕಿ, ಆ 14 ದಿನಗಳಲ್ಲಿ ಏನೇನು ಪರೀಕ್ಷಿಸಬೇಕೆಂದು ಮೊದಲೇ ಬರೆದಿಟ್ಟುಕೊಳ್ಳುತ್ತೇನೆ. ಸುಮ್ಮನೆ ಅಂಕಿ ನೋಡುತ್ತಾ ಕೂತರೆ ದುಡ್ಡು ದಂಡ, ಜೊತೆಗೆ ಇಲ್ಲದ ಗಾಬರಿ. ನನಗಿರುವುದು ಊಟಕ್ಕೆ ಮುಂಚಿನ ಶೀಘ್ರ ಇನ್ಸುಲಿನ್, ರಾತ್ರಿಗೆ ದೀರ್ಘಾವಧಿಯದು. ಬಳಸುವ ಸೆನ್ಸರ್ ಅಬಾಟ್ ಕಂಪನಿಯ ಫ್ರೀಸ್ಟೈಲ್ ಲಿಬ್ರೆ. ಬೇರೆ ಕಂಪನಿಯದಾದರೆ ಅಂಟಿಸುವ ವಿಧಾನ, ಕಾಯುವ ಹೊತ್ತು, ಅಡ್ಡಿಪಡಿಸುವ ಔಷಧಿ ಬೇರೆ ಇರುತ್ತವೆ.

ಜಾಗ: ತೋಳಿನ ಹಿಂಭಾಗ, ಭುಜಕ್ಕೂ ಮೊಣಕೈಗೂ ನಡುವೆ, ಚಿವುಟಿದರೆ ಮೆತ್ತಗೆ ಕೊಬ್ಬು ಸಿಗುವ ಕಡೆ. ಪಕ್ಕಕ್ಕೆ ಸರಿದು ಸ್ನಾಯುವಿನ ಮೇಲೆ ಕೂತರೆ ಕೈ ಎತ್ತಿದಾಗಲೆಲ್ಲ ಎಳೆಯುತ್ತದೆ, ಬಾಗಿಲ ಚೌಕಟ್ಟಿಗೂ ತಾಗುತ್ತದೆ. ರವಿಕೆ ತೊಡುವವರಿಗೆ ಇನ್ನೊಂದು ತೊಡಕು. ತೋಳಿನ ಅಂಚು ಸೆನ್ಸರ್ ಮೇಲೆಯೇ ಬಂದರೆ ಬಿಚ್ಚುವಾಗ ಸಿಕ್ಕಿಕೊಂಡು ಕಿತ್ತು ಬರುತ್ತದೆ. ಆದ್ದರಿಂದ ಅಂಚಿನಿಂದ ಎರಡು ಬೆರಳು ಕೆಳಗಿರಲಿ, ಇಲ್ಲವೇ ಪೂರ್ತಿ ಬಟ್ಟೆಯೊಳಗಿರಲಿ. ಇನ್ಸುಲಿನ್ ಚುಚ್ಚುವ ಜಾಗದಿಂದ ಒಂದು ಅಂಗುಲವಾದರೂ ದೂರ ಬೇಕು.

ಆ ತೋಳಿಗೆ ಹಿಂದಿನ ದಿನದಿಂದಲೇ ಎಣ್ಣೆ, ಕ್ರೀಮು ಬೇಡ. ಸೋಪು ಹಾಕಿ ತೊಳೆದು, ಕೂದಲಿದ್ದರೆ ಬೋಳಿಸಿ, ಸ್ಪಿರಿಟ್ ಹತ್ತಿಯಲ್ಲಿ ಒರೆಸಿ, ಪೂರ್ತಿ ಒಣಗುವವರೆಗೆ ಕಾಯಬೇಕು. ಒದ್ದೆ ಚರ್ಮದ ಮೇಲೆ ಅಂಟು ಹಿಡಿಯುವುದಿಲ್ಲ, ಸೆನ್ಸರ್ ಅವಧಿಗೆ ಮುಂಚೆಯೇ ಬಿದ್ದುಹೋಗಲು ಬಹುಪಾಲು ಕಾರಣ ಇದೇ. ಸೆನ್ಸರ್ ಪ್ಯಾಕ್ ಮತ್ತು ಅಪ್ಲಿಕೇಟರ್ (ಅಂಟಿಸುವ ಸಾಧನ) ಮೇಲಿನ ಕಪ್ಪು ಗೆರೆಗಳನ್ನು ಎದುರುಬದುರು ತಂದು, ಗಟ್ಟಿ ಮೇಜಿನ ಮೇಲಿಟ್ಟು ಕೊನೆಯವರೆಗೂ ಒತ್ತಿ. ಎತ್ತಿದ ಮೇಲೆ ಸೂಜಿ ಹೊರಗಿರುತ್ತದೆ, ಮತ್ತೆ ಪ್ಯಾಕ್‌ನೊಳಗೆ ತುರುಕಬೇಡಿ. ತೋಳಿಗೆ ನೇರವಾಗಿ ಹಿಡಿದು ಗಟ್ಟಿಯಾಗಿ ಒತ್ತಿ, ಒಂದೆರಡು ಕ್ಷಣ ಹಾಗೇ ಇಟ್ಟು ನಿಧಾನಕ್ಕೆ ಎಳೆದುಕೊಳ್ಳಿ. ಸೂಜಿ ವಾಪಸಾಗುತ್ತದೆ, ಚರ್ಮದಡಿ ಸುಮಾರು 5 ಮಿ.ಮೀ. ಉದ್ದದ ತೆಳು ಎಳೆ ಮಾತ್ರ ಉಳಿಯುತ್ತದೆ. ಒಂದು ಹನಿ ರಕ್ತ ಬಂದರೆ ಚಿಂತೆಯಿಲ್ಲ, ನಿಲ್ಲದೆ ಸುರಿದರೆ ತೆಗೆಯಲೇಬೇಕು. ಎಳೆಯ ಸುತ್ತ ರಕ್ತ ಹೆಪ್ಪುಗಟ್ಟಿದರೆ ಓದಿಕೆ ಕೆಡುತ್ತದೆ.

ಶುರುಮಾಡಿದ 60 ನಿಮಿಷಕ್ಕೆ ಅಂಕಿ ಬರತೊಡಗುತ್ತದೆ. ಆದರೆ ಮೊದಲ 24 ಗಂಟೆಯ ಅಂಕಿಯನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಸಂಜೆ ಅಂಟಿಸುವುದು ಇದೇ ಕಾರಣಕ್ಕೆ: ನಂಬಲಾಗದ ಹೊತ್ತಿನಲ್ಲಿ ಅರ್ಧ ನಿದ್ದೆಯಲ್ಲಿ ಕಳೆಯುತ್ತದೆ. ಆ ರಾತ್ರಿ ಕಡಿಮೆ ತೋರಿಸಿದರೆ ಬೆರಳು ಚುಚ್ಚಿ ಸ್ಟ್ರಿಪ್ ಹಾಕುವ ಮೀಟರ್‌ನಲ್ಲಿ ನೋಡಿಯೇ ಮುಂದಿನ ಕೆಲಸ. ಆ್ಯಂಡ್ರಾಯ್ಡ್ ಫೋನಾದರೆ ಸೆನ್ಸರ್‌ನ ಅಂಕಿ ತೋರಿಸುವ ಆಪ್‌ಗೆ ಬ್ಯಾಟರಿ ಉಳಿತಾಯದಿಂದ ವಿನಾಯಿತಿ ಕೊಡಿ, ಇಲ್ಲದಿದ್ದರೆ ಅಲಾರಂ ಇರುವ ಮಾದರಿಯಲ್ಲೂ ನಡುರಾತ್ರಿ ಅದು ಬಾಯಿ ಮುಚ್ಚಿಕೊಂಡಿರುತ್ತದೆ. ಅಲಾರಂ ಇಲ್ಲದ ಹಳೆಯ ಮಾದರಿ ನೆನಪಿಟ್ಟುಕೊಳ್ಳುವುದು 8 ಗಂಟೆಯಷ್ಟನ್ನೇ. ಮಲಗುವಾಗ ಒಮ್ಮೆ, ಎದ್ದಕೂಡಲೇ ಒಮ್ಮೆ ಫೋನನ್ನು ಸೆನ್ಸರ್ ಹತ್ತಿರ ಹಿಡಿದು ಸ್ಕ್ಯಾನ್ ಮಾಡದಿದ್ದರೆ ಗ್ರಾಫ್‌ನಲ್ಲಿ ತೂತು ಬೀಳುತ್ತದೆ.

ಸೆನ್ಸರ್ ಅಳೆಯುವುದು ರಕ್ತವನ್ನಲ್ಲ, ಚರ್ಮದಡಿ ಜೀವಕೋಶಗಳ ನಡುವಿನ ದ್ರವವನ್ನು. ಹಾಗಾಗಿ ಅದು ರಕ್ತಕ್ಕಿಂತ ಸುಮಾರು 5ರಿಂದ 10 ನಿಮಿಷ ಹಿಂದಿರುತ್ತದೆ. ಇದು ತಲೆಯಲ್ಲಿದ್ದರೆ ‘ಮೀಟರ್‌ಗೂ ಇದಕ್ಕೂ ತಾಳೆಯಿಲ್ಲ’ ಎಂಬ ದೂರು ಮುಕ್ಕಾಲುಪಾಲು ಹೋಗುತ್ತದೆ. ತಾಳೆ ನೋಡುವುದಾದರೆ ಅಂಕಿಯ ಪಕ್ಕದ ಬಾಣ (ಶುಗರ್ ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ತೋರಿಸುವುದು) ಅಡ್ಡವಾಗಿ ಮಲಗಿರುವಾಗ, ಅಂದರೆ ಶುಗರ್ ಸ್ಥಿರವಾಗಿರುವಾಗ ನೋಡಿ, ಉದಾಹರಣೆಗೆ ತಿಂಡಿಗೆ ಮುಂಚೆ. ಕೈ ತೊಳೆದು ಒರೆಸಿಕೊಳ್ಳಿ, ಮಾವಿನಹಣ್ಣು ಹೆಚ್ಚಿದ ಬೆರಳಿನ ಹನಿ ಸುಳ್ಳೇ ಹೆಚ್ಚು ತೋರಿಸುತ್ತದೆ. ಮೀಟರ್ 141, ಸೆನ್ಸರ್ 128 ಅಂದರೆ ಎರಡೂ ಒಂದೇ ಎಂದುಕೊಳ್ಳಿ: 100ಕ್ಕಿಂತ ಮೇಲೆ ಮೀಟರ್‌ಗೇ ಶೇ. 15ರಷ್ಟು ಆಚೀಚೆ ಹೋಗಲು ಮಾನಕದಲ್ಲಿ ಅವಕಾಶವಿದೆ. ಎರಡನೇ ದಿನದ ನಂತರವೂ ಬಾಣ ಅಡ್ಡವಿರುವಾಗ 40–50ರ ಅಂತರ ಮತ್ತೆ ಮತ್ತೆ ಬಂದರೆ ಸೀರಿಯಲ್ ನಂಬರ್ ಇಟ್ಟುಕೊಂಡು ಕಸ್ಟಮರ್ ಕೇರ್‌ಗೆ ಹೇಳಿ, ತೆಗೆದ ಸೆನ್ಸರನ್ನು ಎಸೆಯಬೇಡಿ.

ಅಂಕಿಗಿಂತ ನಾನು ಮೊದಲು ನೋಡುವುದು ಬಾಣ. ನೇರ ಕೆಳಮುಖದ ಬಾಣವೆಂದರೆ ಡೆಸಿಲೀಟರ್ ಲೆಕ್ಕದಲ್ಲಿ ನಿಮಿಷಕ್ಕೆ 2 ಮಿ.ಗ್ರಾಂ.ಗಿಂತ ಜೋರಾಗಿ ಇಳಿಯುತ್ತಿದೆ ಎಂದರ್ಥ. 140 ಇದ್ದದ್ದು ಹಾಗೇ ಇಳಿದರೆ ಅರ್ಧ ಗಂಟೆಗೆ 80ಕ್ಕೂ ಕೆಳಗೆ. ಬೈಕ್ ಹತ್ತುವ ಮುಂಚೆ ಅಡ್ಡ ಬಾಣದ 110 ನನಗೆ ಅದಕ್ಕಿಂತ ಎಷ್ಟೋ ವಾಸಿ. ಮೇಲ್ಮುಖದ ಬಾಣದಲ್ಲಿ ಬೇರೆ ಅಪಾಯವಿದೆ. ಊಟವಾಗಿ ಒಂದು ಗಂಟೆಗೆ 230 ಕಂಡು ಇನ್ನೆರಡು ಯೂನಿಟ್ ಚುಚ್ಚಿಕೊಂಡರೆ, ಮೊದಲಿನ ಇನ್ಸುಲಿನ್ ಇನ್ನೂ ಕೆಲಸ ಮಾಡುತ್ತಿರುತ್ತದೆ. ಶೀಘ್ರ ಇನ್ಸುಲಿನ್‌ನ ಪ್ರಭಾವ ಸುಮಾರು ನಾಲ್ಕು ಗಂಟೆ. ಎರಡೂ ಸೇರಿ ಮೂರನೇ ಗಂಟೆಗೆ ಪಾತಾಳಕ್ಕೆ ಇಳಿಸುತ್ತವೆ. ಸೆನ್ಸರ್ ಹಾಕಿದ ಹೊಸದರಲ್ಲಿ ಲೋ ಶುಗರ್ ಹೆಚ್ಚಾಗುವುದು ಈ ಆತುರದಿಂದಲೇ.

ಲೋ ಆದಾಗ, ಅಂದರೆ 70ಕ್ಕಿಂತ ಕೆಳಗೆ, 15 ಗ್ರಾಂ ಗ್ಲೂಕೋಸ್ ಪುಡಿ, ಇಲ್ಲವೇ ಮೂರು ಟೀಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಬೇಕು. ಚಾಕೊಲೇಟ್ ಬೇಡ, ಅದರ ಕೊಬ್ಬು ಸಕ್ಕರೆಯನ್ನು ತಡವಾಗಿಸುತ್ತದೆ. 15 ನಿಮಿಷದ ನಂತರ ನೋಡಬೇಕಾದ್ದು ಮೀಟರ್‌ನಲ್ಲಿ. ರಕ್ತದಲ್ಲಿ 90ಕ್ಕೆ ಏರಿದ್ದರೂ ಸೆನ್ಸರ್ ಇನ್ನೂ 60 ಎನ್ನುತ್ತಿರಬಹುದು, ಅದನ್ನು ನಂಬಿ ಮತ್ತೆ ಮತ್ತೆ ತಿಂದರೆ ಮುಂದೆ 250. ರಾತ್ರಿ ಗ್ರಾಫ್ ಕಡಿದಾಗಿ ಗುಂಡಿಗೆ ಬಿದ್ದು ಸ್ವಲ್ಪ ಹೊತ್ತಿಗೆ ಅಷ್ಟೇ ಕಡಿದಾಗಿ ಎದ್ದರೆ ಆ ತೋಳಿನ ಮೇಲೆ ಮಲಗಿದ್ದಿರಬಹುದು. ಒತ್ತಡಕ್ಕೆ ಅಲ್ಲಿನ ದ್ರವದಲ್ಲಿ ಗ್ಲೂಕೋಸ್ ಕಡಿಮೆಯಾಗುತ್ತದೆ. ಬೆರಳು ಚುಚ್ಚಿದರೆ ನಿಜ ಗೊತ್ತಾಗುತ್ತದೆ, ಸ್ಟ್ರಿಪ್ ಕೈಗೆ ಸಿಗದಿದ್ದರೆ ಲೋ ಎಂದೇ ತಿಳಿದು ಸಕ್ಕರೆ ತಿನ್ನುವುದು ಕ್ಷೇಮ. ವಿಟಮಿನ್ ಸಿ ಮಾತ್ರೆ ಚೀಪುವವರು ಗಮನಿಸಿ: ದಿನಕ್ಕೆ 500 ಮಿ.ಗ್ರಾಂ. ಮೀರಿದರೆ ಈ ಸೆನ್ಸರ್ ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ನಿಂಬೆಹಣ್ಣಿನ ಪಾನಕಕ್ಕೆ ಆ ಭಯವಿಲ್ಲ, ಅದರ ಸಕ್ಕರೆಗೇ ಹೆದರಬೇಕು.

ಇನ್ನು ದಿನಗಳ ಹಂಚಿಕೆ. ಎರಡರಿಂದ ನಾಲ್ಕನೇ ದಿನದವರೆಗೆ ಯಾವುದನ್ನೂ ಬದಲಿಸುವುದಿಲ್ಲ. ಎಂದಿನ ತಿಂಡಿ, ಎಂದಿನ ಕಾಫಿ, ಎಂದಿನ ಡೋಸ್. ತಿಂದ ಹೊತ್ತು, ಪ್ರಮಾಣ, ಇನ್ಸುಲಿನ್ ಮಾತ್ರ ಆಪ್‌ನಲ್ಲಿ ಬರೆಯುತ್ತೇನೆ. ಐದನೇ ದಿನದಿಂದ ಒಂದು ಊಟ ಹಿಡಿದು, ಒಂದೇ ಒಂದು ಅಂಶ ಬದಲಿಸಿ, ಅದನ್ನೇ ಎರಡು ದಿನ ಮಾಡುವುದು. ನಾಲ್ಕು ಇಡ್ಲಿಯ ಬದಲು ಎರಡು ಇಡ್ಲಿ, ಒಂದು ಬಟ್ಟಲು ಮೊಳಕೆ ಹೆಸರುಕಾಳು. ಆಮೇಲೆ ಅದೇ ಇಡ್ಲಿಗೆ ಇನ್ಸುಲಿನ್ 15 ನಿಮಿಷ ಮುಂಚೆ. ಆಮೇಲೆ ತಿಂಡಿಯಾದ ಮೇಲೆ ಕಾಲು ಗಂಟೆ ನಡಿಗೆ. ಮೂರನ್ನೂ ಒಟ್ಟಿಗೆ ಮಾಡಿದರೆ ಯಾವುದು ಫಲ ಕೊಟ್ಟಿತೆಂದು ತಿಳಿಯುವುದೇ ಇಲ್ಲ.

ರಾಗಿ ಮುದ್ದೆಯನ್ನು ಹೀಗೆ ಪರೀಕ್ಷಿಸಿದವರು ಬೆಚ್ಚಿಬೀಳುವುದುಂಟು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 67 ಗ್ರಾಂ ಕಾರ್ಬೋಹೈಡ್ರೇಟ್, ಅಕ್ಕಿಯಲ್ಲಿ 78. ಅಂತರ ಅಷ್ಟೇ. ಮುದ್ದೆಗೆ ಹಿಟ್ಟನ್ನು ತೂಗಿ ಹಾಕಿ: 60 ಗ್ರಾಂ ಹಿಟ್ಟಾದರೆ 40 ಗ್ರಾಂ ಕಾರ್ಬ್. ‘ರಾಗಿ ತಾನೇ’ ಎಂದು ದೊಡ್ಡ ಮುದ್ದೆ ನುಂಗಿದರೆ ಅದು 80 ದಾಟಬಹುದು. ಮೊದಲು ಪಲ್ಯ, ಬಸ್ಸಾರಿನ ಸೊಪ್ಪು–ಕಾಳು ತಿಂದು ಮುದ್ದೆಯನ್ನು ಕೊನೆಗೆ ಮುಟ್ಟಿದರೆ ಏರಿಕೆಯ ತುದಿ ತಗ್ಗುತ್ತದೆ. ಹಬ್ಬದ ಹೋಳಿಗೆ–ತುಪ್ಪದ ಲೆಕ್ಕ ಬೇರೆ. ಎರಡು ಗಂಟೆಗೆ ಗ್ರಾಫ್ ಸಾಧುವಾಗಿದ್ದು, ನಾಲ್ಕನೇ ಗಂಟೆಗೆ ಏರುತ್ತದೆ.

ಎರಡು ರಾತ್ರಿ ಬೇಗ, ಹಗುರಾಗಿ ಊಟ ಮುಗಿಸಿ ಬರೀ ದೀರ್ಘಾವಧಿ ಇನ್ಸುಲಿನ್ ಪರೀಕ್ಷೆ. ಮಲಗಿದಾಗಿನಿಂದ ಬೆಳಗಿನವರೆಗೆ 30ರೊಳಗಿನ ಏರಿಳಿತವಾದರೆ ಡೋಸ್ ಸರಿ. ಮೂರು ಗಂಟೆಯವರೆಗೆ ಸಮತಟ್ಟಾಗಿದ್ದು ಆಮೇಲೆ ಏರಿದರೆ ಅದು ನಸುಕಿನ ಹಾರ್ಮೋನುಗಳ ಕೆಲಸ. ಬೆಳಗಿನ ಅಂಕಿಯೊಂದನ್ನೇ ನೋಡಿ ರಾತ್ರಿಯ ಡೋಸ್ ಏರಿಸಿದರೆ ಎರಡು ಗಂಟೆಗೇ ಲೋ ಆದೀತು. ಡೋಸ್ ಬದಲಾವಣೆ ಗ್ರಾಫ್ ಸಮೇತ ಡಾಕ್ಟರ ಮುಂದೆಯೇ.

ಡಾಕ್ಟರಿಗೆ ತೋರಿಸಲು ಎಜಿಪಿ ವರದಿಯ (ಎಲ್ಲ ದಿನಗಳ ಗ್ರಾಫನ್ನು ಒಂದೇ ದಿನದ ಚಿತ್ರವಾಗಿ ಸೇರಿಸಿ ತೋರಿಸುವುದು) ಒಂದು ಪುಟ ಸಾಕು. 70ರಿಂದ 180ರ ನಡುವೆ ಶೇ. 70ಕ್ಕಿಂತ ಹೆಚ್ಚು ಹೊತ್ತು, 70ರ ಕೆಳಗೆ ಶೇ. 4ಕ್ಕಿಂತ ಕಡಿಮೆ: ಇದು 2019ರ ಅಂತರರಾಷ್ಟ್ರೀಯ ಒಮ್ಮತದ ಗುರಿ. ವಯಸ್ಸಾದವರಿಗೆ ಶೇ. 50 ಸಾಕು, ಆದರೆ ಲೋ ಶೇ. 1 ಮೀರಬಾರದು. ವರದಿಗೆ ಬೆಲೆ ಬರಬೇಕಾದರೆ 14 ದಿನದ ಶೇ. 70ರಷ್ಟಾದರೂ ದತ್ತಾಂಶ ಇರಬೇಕು. ಲಂಡನ್ನಿನಲ್ಲಿರುವ ಮಗಳು ಫೋನಲ್ಲಿ ‘ಅಪ್ಪಂಗೆ ಶುಗರ್ 10 ಇದೆ’ ಎಂದರೆ ಹೆದರಬೇಡಿ. ಅಲ್ಲಿ ಶುಗರ್ ಅಳೆಯುವ ಮಾನ ಬೇರೆ, 18ರಿಂದ ಗುಣಿಸಿದರೆ ನಮ್ಮ ಅಂಕಿ ಸಿಗುತ್ತದೆ.

ತೆಗೆಯುವಾಗ ಅಂಚಿಗೆ ಕೊಬ್ಬರಿ ಎಣ್ಣೆ ಹಚ್ಚಿ ಹತ್ತು ನಿಮಿಷ ಬಿಟ್ಟರೆ ಚರ್ಮ ಕೀಳದೆ ಬರುತ್ತದೆ. ಅಡಿಯಲ್ಲಿ ಕೆಂಪು ಗುಳ್ಳೆ, ತುರಿಕೆ ಇದ್ದರೆ ಮುಂದಿನದು ಇನ್ನೊಂದು ತೋಳಿಗೆ, ಚರ್ಮದ ಡಾಕ್ಟರನ್ನು ಕೇಳಿದ ಮೇಲೆ. ಎಂಆರ್‌ಐ, ಸಿಟಿ ಸ್ಕ್ಯಾನ್ ದಿನಾಂಕ ಗೊತ್ತಿದ್ದರೆ ಅದು ಮುಗಿದ ಮೇಲೇ ಹೊಸದನ್ನು ಅಂಟಿಸಿ, ಸೆನ್ಸರ್ ಇದ್ದರೆ ತೆಗೆಯಲು ಹೇಳಬಹುದು. ಸೆನ್ಸರ್ ಇಲ್ಲದ ತಿಂಗಳುಗಳಲ್ಲಿ ಎಜಿಪಿಯ ಬಣ್ಣದ ಪಟ್ಟಿ ಎಲ್ಲಿ ಅಗಲವಾಗಿತ್ತೋ, ಅಂದರೆ ದಿನದಿಂದ ದಿನಕ್ಕೆ ವ್ಯತ್ಯಾಸ ಎಲ್ಲಿ ಹೆಚ್ಚಿತ್ತೋ, ಆ ಹೊತ್ತಿಗಷ್ಟೇ ಸ್ಟ್ರಿಪ್ ಖರ್ಚು ಮಾಡುತ್ತೇನೆ. ನನ್ನ ಮಟ್ಟಿಗೆ ಅದು ತಿಂಡಿಯಾದ ಎರಡು ಗಂಟೆಗೆ, ವಾರಕ್ಕೊಮ್ಮೆ ನಸುಕಿನ ಮೂರಕ್ಕೆ.