ವಾರಸುದಾರರಿಲ್ಲದವರ ಅಂತ್ಯಸಂಸ್ಕಾರವನ್ನು ನಡೆಸಿಕೊಡುವ ಬಗೆ

ಒಂಟಿಯಾಗಿ ತೀರಿಕೊಂಡವರ ಅಂತ್ಯಸಂಸ್ಕಾರದ ಹೊಣೆ ಹೊತ್ತವರು ಸ್ಮಶಾನಕ್ಕೆ ಹೋಗುವ ಮೊದಲು ಮೃತರು ಬಾಳಿದ ಮನೆಗೆ ಹೋಗಬೇಕು. ಅಧಿಕಾರಿಗಳ ಅನುಮತಿ ಪಡೆದು, ಸಾಕ್ಷಿಯೊಬ್ಬರನ್ನು ಜೊತೆಗಿಟ್ಟುಕೊಂಡು ಒಳಹೊಕ್ಕರೆ ಕಾಗದಪತ್ರಗಳು, ಫೋಟೋದ ಹಿಂಬದಿಯ ಬರಹ, ಪುಸ್ತಕದ ಮೊದಲ ಪುಟದಲ್ಲಿನ ಹೆಸರು, ಕ್ಯಾಲೆಂಡರಿನಲ್ಲಿ ಗುರುತು ಹಾಕಿದ ದಿನ, ಇವೆಲ್ಲ ಏನನ್ನಾದರೂ ಹೇಳುತ್ತವೆ. ಅವುಗಳಿಂದ ಬಂಧುಗಳ ಸುಳಿವು ಸಿಗಬಹುದು. ಸಿಗದಿದ್ದರೂ ಆ ವ್ಯಕ್ತಿಯ ಪರಿಚಯವಂತೂ ಆಗುತ್ತದೆ. ನೆರೆಯವರನ್ನೂ, ಔಷಧಿ ಅಂಗಡಿಯವರನ್ನೂ, ಅಂಚೆಯವರನ್ನೂ ವಿಚಾರಿಸಿ, ಬರಲು ಮನಸ್ಸಿರುವವರಿಗೆ ದಿನ, ಸಮಯ, ಸ್ಥಳ ತಿಳಿಸಬೇಕು. ಕರೆದರೆ ಬರುವವರು ಎಷ್ಟೋ ಮಂದಿ ಇರುತ್ತಾರೆ, ಅವರಿಗೆ ಸುದ್ದಿಯೇ ಮುಟ್ಟಿರುವುದಿಲ್ಲ.

ಹೆಸರೊಂದನ್ನೇ ನೋಡಿ ಧರ್ಮವನ್ನು ತೀರ್ಮಾನಿಸಬಾರದು. ಮೃತರ ನಂಬಿಕೆ ಖಚಿತವಾಗಿ ತಿಳಿದರೆ ಅದರಂತೆ ನಡೆಸಬೇಕು, ತಿಳಿಯದಿದ್ದರೆ ಯಾವ ವಿಧಿಯನ್ನೂ ಹೇರದೆ ಸರಳವಾಗಿ ಬೀಳ್ಕೊಡಬೇಕು. ಗುರುತೇ ಸಿಗದವರನ್ನು, ಕಾನೂನು ಒಪ್ಪುವುದಾದರೆ, ಸುಡುವುದಕ್ಕಿಂತ ಹೂಳುವುದು ಲೇಸು. ಫೋಟೋ, ಬೆರಳಚ್ಚು, ಮೈಮೇಲಿನ ಗುರುತು, ಬಟ್ಟೆಯ ವಿವರಗಳನ್ನು ದಾಖಲಿಸಿ ಸಮಾಧಿಗೆ ಸಂಖ್ಯೆಯೊಂದನ್ನು ಕೊಟ್ಟಿದ್ದರೆ ಮುಂದೆ ಹುಡುಕಿ ಬಂದವರಿಗೆ ದಾರಿ ಇರುತ್ತದೆ.

ಸಂಸ್ಕಾರದ ಹೊತ್ತಿನಲ್ಲಿ ಆಡುವ ಮಾತಿನ ಬಗ್ಗೆ ಹೆಚ್ಚು ಎಚ್ಚರ ಬೇಕು. ನೆದರ್ಲೆಂಡ್ಸ್‌ನ ಆಮ್‌ಸ್ಟರ್‌ಡ್ಯಾಮ್‌ನಲ್ಲಿ 2002ರಿಂದ ಇಂಥವರಿಗಾಗಿ ಕವಿಯೊಬ್ಬರು ಹೊಸ ಕವಿತೆ ಬರೆದು ಅಂತಿಮ ವಿದಾಯದಲ್ಲಿ ಓದುವ ರೂಢಿ ಬೆಳೆದುಬಂದಿದೆ; ಮನೆಯನ್ನು ಪರಿಶೀಲಿಸಿದ ನಗರಾಡಳಿತದವರು ಕೊಡುವ ಅಲ್ಪಸ್ವಲ್ಪ ವಿವರಗಳೇ ಆ ಕವಿತೆಗೆ ಆಧಾರ. ಕವಿತೆ ಬರೆಯಲಾಗದಿದ್ದರೂ ಆ ಕ್ರಮವನ್ನು ಯಾರು ಬೇಕಾದರೂ ಅನುಸರಿಸಬಹುದು: ಪೂರ್ಣ ಹೆಸರನ್ನು ಗಟ್ಟಿಯಾಗಿ ಹೇಳಿ, ತಿಳಿದಷ್ಟನ್ನು ಮಾತ್ರ ನುಡಿಯಬೇಕು. ಕಿಟಕಿಯ ಬಳಿ ಗಿಡಗಳನ್ನು ಬೆಳೆಸಿದ್ದರು, ರೇಡಿಯೋವನ್ನು ತಾವೇ ರಿಪೇರಿ ಮಾಡಿಕೊಳ್ಳುತ್ತಿದ್ದರು ಎಂಬಂಥ ಒಂದೆರಡು ನಿಜವಾದ ಸಂಗತಿಗಳೇ ಸಾಕು. ಇಲ್ಲದ ಗುಣಗಳನ್ನು ಹೊರಿಸಬಾರದು. 'ಪಾಪ, ಯಾರೂ ಇರಲಿಲ್ಲ' ಎಂಬ ಮಾತನ್ನಂತೂ ಆಡಲೇಬಾರದು, ಏಕೆಂದರೆ ಸಾಯುವಾಗ ಒಬ್ಬರೇ ಇದ್ದವರು ಬದುಕಿನುದ್ದಕ್ಕೂ ಒಬ್ಬರೇ ಇದ್ದರೆಂದು ಹೇಳಲು ನಮಗೆ ಆಧಾರವಿಲ್ಲ.

ಶವ ಹೊರುವ ಸಿಬ್ಬಂದಿಯನ್ನು ಕೊನೆಯವರೆಗೂ ನಿಲ್ಲುವಂತೆ ಮೊದಲೇ ಕೇಳಿಕೊಳ್ಳಿ. ಯಾರೂ ಬಾರದಿದ್ದರೂ ನಿಗದಿತ ಸಮಯಕ್ಕೇ ಆರಂಭಿಸಿ, ಹತ್ತು ಜನರಿದ್ದರೆ ಎಷ್ಟು ಹೊತ್ತು ಹಿಡಿಯುತ್ತಿತ್ತೋ ಅಷ್ಟೇ ಹೊತ್ತು ನಡೆಸಬೇಕು.

ದಹನವಾಗಿದ್ದರೆ ಚಿತಾಭಸ್ಮವನ್ನು ತಕ್ಷಣ ವಿಸರ್ಜಿಸದಿರುವುದು ಒಳ್ಳೆಯದು. ಅಮೆರಿಕದ ಲಾಸ್ ಏಂಜಲೀಸ್ ಕೌಂಟಿ ವಾರಸುದಾರರಿಲ್ಲದವರ ಭಸ್ಮವನ್ನು ಸುಮಾರು 3 ವರ್ಷ ಕಾಯ್ದಿಟ್ಟು, ಆಮೇಲೆ ಹಲವು ಧರ್ಮಗಳ ಪ್ರಾರ್ಥನೆಯೊಂದಿಗೆ ಒಟ್ಟಿಗೆ ಭೂಮಿಗಿಡುತ್ತದೆ. ಸಂಸ್ಕಾರದ ದಿನಾಂಕ, ಸಮಾಧಿ ಅಥವಾ ಭಸ್ಮಪಾತ್ರೆಯ ಸಂಖ್ಯೆ, ಬಂದವರ ಹೆಸರು, ಆಡಿದ ಮಾತಿನ ಪ್ರತಿ, ಮನೆಯಲ್ಲಿ ದೊರೆತ ಫೋಟೋಗಳು ಒಂದೇ ಕಡತದಲ್ಲಿರಲಿ. ವರ್ಷಗಳ ಮೇಲೆ ಮಗಳೋ ತಮ್ಮನೋ ಬಂದು ಕೇಳಿದರೆ, ಸಂಬಂಧವನ್ನು ಖಚಿತಪಡಿಸಿಕೊಂಡು, ಇಷ್ಟು ದಿನ ಎಲ್ಲಿದ್ದಿರಿ ಎಂದು ಪ್ರಶ್ನಿಸದೆ ಅದನ್ನು ಅವರಿಗೆ ಒಪ್ಪಿಸಬೇಕು.