ಎಕ್ಲೆಕ್ಟಸ್ ಗಿಳಿಯನ್ನು ಸಾಕುವ ಬಗೆ

ಎಕ್ಲೆಕ್ಟಸ್ ಗಿಳಿಗಳಲ್ಲಿ ಗಂಡಿನ ಮೈ ಬಹುಪಾಲು ಹೊಳೆಯುವ ಹಸಿರು, ಮೇಲುಕೊಕ್ಕು ಕಿತ್ತಳೆ ಬಣ್ಣ. ಹೆಣ್ಣಿನ ತಲೆ ಕೆಂಪು, ಎದೆ ನೀಲಿ ಅಥವಾ ನೇರಳೆ, ಕೊಕ್ಕು ಅಚ್ಚ ಕಪ್ಪು. ಈ ವ್ಯತ್ಯಾಸ ಎಷ್ಟು ದೊಡ್ಡದೆಂದರೆ, 1776ರಲ್ಲಿ ಈ ಪಕ್ಷಿಗೆ ಶಾಸ್ತ್ರೀಯ ಹೆಸರು ಬಂದ ಮೇಲೂ ಸುಮಾರು ನೂರು ವರ್ಷ ವಿದ್ವಾಂಸರು ಗಂಡನ್ನೂ ಹೆಣ್ಣನ್ನೂ ಬೇರೆ ಬೇರೆ ಪ್ರಭೇದಗಳೆಂದೇ ನಂಬಿದ್ದರು. ಎರಡೂ ಒಂದೇ ಪ್ರಭೇದದ ಗಂಡು ಹೆಣ್ಣುಗಳೆಂದು 1870ರ ದಶಕದಲ್ಲಿ ವಾದಿಸಿದವರು ಜರ್ಮನಿಯ ಪಕ್ಷಿಶಾಸ್ತ್ರಜ್ಞ ಅಡಾಲ್ಫ್ ಬರ್ನ್‌ಹಾರ್ಡ್ ಮೇಯರ್. ಈ ಗಿಳಿಯನ್ನು ತಪ್ಪು ತಿಳಿಯುವ ಅಭ್ಯಾಸ ಮಾತ್ರ ಅಲ್ಲಿಗೆ ನಿಲ್ಲಲಿಲ್ಲ. ಇತರ ಗಿಳಿಗಳಿಗೆ ಹಾಕುವ ಕಾಳನ್ನೇ ಹಾಕಿ, ಇತರ ಗಿಳಿಗಳ ವರ್ತನೆಯನ್ನೇ ನಿರೀಕ್ಷಿಸಿ, ಕೊನೆಗೆ ಗರಿ ಕಿತ್ತುಕೊಳ್ಳುವ ಹಕ್ಕಿಯೊಂದನ್ನು ಎದುರಿಗಿಟ್ಟುಕೊಂಡು ಚಿಂತಿಸುವವರು ಇಂದಿಗೂ ಕಡಿಮೆಯಿಲ್ಲ.

ಕೊಳ್ಳುವ ಮುನ್ನ ಯೋಚಿಸಬೇಕಾದ ಮೊದಲ ವಿಷಯ ಆಯುಷ್ಯ. ಚೆನ್ನಾಗಿ ನೋಡಿಕೊಂಡ ಎಕ್ಲೆಕ್ಟಸ್ ಮೂವತ್ತು ವರ್ಷ ಬದುಕುವುದು ಸಾಧ್ಯ. ಆದ್ದರಿಂದ ನಮ್ಮ ಅನಂತರ ಅದನ್ನು ನೋಡಿಕೊಳ್ಳುವವರು ಯಾರು ಎಂಬುದನ್ನೂ ಮೊದಲೇ ನಿರ್ಧರಿಸುವುದು ಒಳ್ಳೆಯದು. ನ್ಯೂಗಿನಿ, ಸೊಲೊಮನ್ ದ್ವೀಪಗಳು, ಇಂಡೊನೇಷ್ಯಾದ ಮಲುಕು ದ್ವೀಪಗಳು ಮತ್ತು ಆಸ್ಟ್ರೇಲಿಯಾದ ಈಶಾನ್ಯ ತುದಿಯ ಕಾಡುಗಳು ಇದರ ನೆಲೆ. ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿ ಇದು ಸೇರಿರುವುದರಿಂದ, ಕಾಡಿನಿಂದ ಹಿಡಿದದ್ದಲ್ಲ, ಸಾಕಿದ ಜೋಡಿಗೆ ಹುಟ್ಟಿದ್ದು ಎಂಬ ದಾಖಲೆಯುಳ್ಳ ಪಕ್ಷಿಯನ್ನೇ ಕೊಳ್ಳಬೇಕು ಮತ್ತು ತಮ್ಮ ಪ್ರದೇಶದ ವನ್ಯಜೀವಿ ಕಾನೂನು ಏನು ಕೇಳುತ್ತದೆಂದು ತಿಳಿದುಕೊಳ್ಳಬೇಕು. ಗರಿ ಮೂಡಿದ ಕೂಡಲೇ ಮರಿಯ ಲಿಂಗ ಬಣ್ಣದಿಂದಲೇ ತಿಳಿಯುವ ಕಾರಣ ಅದಕ್ಕಾಗಿ ಪರೀಕ್ಷೆ ಮಾಡಿಸುವ ಅಗತ್ಯವಿಲ್ಲ. ಎಳೆಯ ಪಕ್ಷಿಯ ಕೊಕ್ಕು ಕಂದು ಛಾಯೆಯಲ್ಲಿರುತ್ತದೆ, ಕಣ್ಣಿನ ಪಾಪೆಯ ಸುತ್ತಲಿನ ಬಣ್ಣವೂ ಗಾಢವಾಗಿರುತ್ತದೆ. ವಯಸ್ಸಿನ ಬಗ್ಗೆ ಮಾರುವವರು ಹೇಳಿದ ಮಾತನ್ನು ಇದರಿಂದ ಸ್ವಲ್ಪಮಟ್ಟಿಗೆ ಪರೀಕ್ಷಿಸಬಹುದು. ಕೈತುತ್ತು ಬಿಡದ ಮರಿಯನ್ನು ತಂದರೆ ಒಲವು ಹೆಚ್ಚುತ್ತದೆಂಬ ಮಾತನ್ನು ನಂಬಬಾರದು. ಬಿಸಿ ಹೆಚ್ಚಾದ ಗಂಜಿಯಿಂದ ಮರಿಯ ಗಂಟಲಚೀಲ ಸುಟ್ಟುಹೋಗುವುದುಂಟು, ಅನುಭವವಿಲ್ಲದ ಕೈಯಲ್ಲಿ ಗಂಜಿ ಶ್ವಾಸನಾಳಕ್ಕೆ ಇಳಿಯುವುದೂ ಉಂಟು.

ಈ ಗಿಳಿಯ ಸಾಕಣೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಊಟ. ಕಾಡಿನಲ್ಲಿ ಇದು ಮರಗಳ ನೆತ್ತಿಯಲ್ಲಿ ಹಣ್ಣು, ಅತ್ತಿಯ ಜಾತಿಯ ಕಾಯಿ, ಮೊಗ್ಗು, ಹೂವು, ಬೀಜಗಳನ್ನು ತಿಂದು ಬದುಕುತ್ತದೆ. ಹಾಗಾಗಿ ಮನೆಯಲ್ಲಿಯೂ ದಿನದ ಆಹಾರದ ಅರ್ಧಕ್ಕಿಂತ ಹೆಚ್ಚು ಭಾಗ ತಾಜಾ ತರಕಾರಿ, ಸೊಪ್ಪು ಮತ್ತು ಹಣ್ಣುಗಳಾಗಿರಬೇಕು. ಕ್ಯಾರೆಟ್, ಸಿಹಿಗುಂಬಳ, ಬೇಯಿಸಿದ ಸಿಹಿಗೆಣಸು, ಕೆಂಪು ದೊಣ್ಣೆಮೆಣಸಿನಕಾಯಿ, ಗಾಢ ಹಸಿರಿನ ಸೊಪ್ಪುಗಳು ಪ್ರತಿದಿನವೂ ಬಟ್ಟಲಿನಲ್ಲಿರಲಿ. ಪಪ್ಪಾಯಿ, ಮಾವು, ದಾಳಿಂಬೆಗಳನ್ನು ಇವು ಬಹಳ ಇಷ್ಟಪಡುತ್ತವೆ. ದಾಳಿಂಬೆ ಕೊಟ್ಟ ದಿನ ಗೋಡೆಯನ್ನೂ ಒರೆಸಬೇಕಾಗುತ್ತದೆಂಬುದನ್ನು ಮೊದಲೇ ಹೇಳಿಬಿಡುವುದು ನ್ಯಾಯ. ಇದರ ಜೊತೆಗೆ ಮೊಳಕೆಕಾಳು, ಮೆತ್ತಗೆ ಬೇಯಿಸಿದ ಧಾನ್ಯ ಮತ್ತು ಬೇಳೆ, ಒಂದೆರಡು ಬಾದಾಮಿಯಷ್ಟು ಕೊಡಬಹುದು. ಬರಿಯ ಸೂರ್ಯಕಾಂತಿ ಬೀಜದ ಮೇಲೆ ಬೆಳೆಸಿದ ಗಿಳಿಗೆ ಕೊಬ್ಬು ಅತಿಯಾಗಿ, ವಿಟಮಿನ್ ಎ ಕೊರತೆಯಾಗಿ, ಗರಿ ಮಂಕಾಗುತ್ತದೆ. ಮೂಗು ಮತ್ತು ಬಾಯಿಯ ಒಳಪದರ ದುರ್ಬಲವಾಗಿ ಸೋಂಕು ಹಿಡಿಯುತ್ತದೆ.

ಕೊರತೆಯ ಭಯದಿಂದ ವಿಟಮಿನ್ ಸೀಸೆಯನ್ನು ತಂದು ನೀರಿಗೆ ಬೆರೆಸುವುದು ಇನ್ನೊಂದು ತುದಿಯ ತಪ್ಪು. ತರಕಾರಿಯಲ್ಲಿರುವ ಕ್ಯಾರೊಟಿನ್ ಅನ್ನು ದೇಹ ತನಗೆ ಬೇಕಾದಷ್ಟು ಮಾತ್ರ ವಿಟಮಿನ್ ಎ ಆಗಿ ಮಾರ್ಪಡಿಸಿಕೊಳ್ಳುತ್ತದೆ. ಸೀಸೆಯಲ್ಲಿ ಬರುವ ಸಿದ್ಧ ವಿಟಮಿನ್ ಎ ಆದರೋ ಹೆಚ್ಚಾದಷ್ಟೂ ಯಕೃತ್ತಿನಲ್ಲಿ ಸಂಗ್ರಹವಾಗುತ್ತ ಹೋಗುತ್ತದೆ. ಪಕ್ಷಿ ಕೋಲಿನ ಮೇಲೆ ಕುಳಿತಲ್ಲೇ ತಾಳ ಹಾಕಿದಂತೆ ಕಾಲ್ಬೆರಳುಗಳನ್ನು ಮಡಿಸಿ ಬಿಡಿಸುವುದು, ರೆಕ್ಕೆಯ ತುದಿಯನ್ನು ಮತ್ತೆ ಮತ್ತೆ ಕೊಡವುವುದು ಎಕ್ಲೆಕ್ಟಸ್‌ಗಳಲ್ಲಿ ಕಾಣುವ ವಿಶಿಷ್ಟ ಲಕ್ಷಣಗಳು. ಪೋಷಕಾಂಶ ಸೇರಿಸಿದ ಆಹಾರದ ಅತಿಬಳಕೆಗೂ ಖನಿಜಗಳ ಏರುಪೇರಿಗೂ ಇವುಗಳ ಸಂಬಂಧವನ್ನು ಅನುಭವಿ ಸಾಕಣೆದಾರರು ಕಲ್ಪಿಸುತ್ತಾರೆ. ಇಂಥ ಲಕ್ಷಣ ಕಂಡರೆ ಪಕ್ಷಿವೈದ್ಯರಿಗೆ ತೋರಿಸಿ, ಕೊಡುತ್ತಿರುವ ಪ್ರತಿಯೊಂದು ತಿನಿಸಿನ ಪಟ್ಟಿಯನ್ನೂ ಅವರ ಮುಂದಿಡಬೇಕು. ಪೆಲೆಟ್, ಅಂದರೆ ಗುಳಿಗೆಯಂತೆ ಒತ್ತಿ ಮಾಡಿದ ಸಿದ್ಧ ಆಹಾರ, ಕೊಡುವುದೋ ಬಿಡುವುದೋ ಎಂಬುದು ಮುಗಿಯದ ಚರ್ಚೆ. ಕೊಡುವುದಾದರೆ ಬಣ್ಣ ಹಾಕದ ಪೆಲೆಟನ್ನು ಊಟದ ಸಣ್ಣ ಪಾಲಾಗಿ ಕೊಟ್ಟು, ಅದರ ಮೇಲೆ ಬೇರೆ ವಿಟಮಿನ್ ಸೇರಿಸದಿರುವುದು ನನ್ನ ದೃಷ್ಟಿಯಲ್ಲಿ ಸುರಕ್ಷಿತ ದಾರಿ.

ಬೆಣ್ಣೆಹಣ್ಣು, ಚಾಕೊಲೇಟ್, ಕಾಫಿ, ಚಹಾ, ಮದ್ಯ, ಈರುಳ್ಳಿ, ಬೆಳ್ಳುಳ್ಳಿ, ಉಪ್ಪು ಹಾಕಿದ ತಿಂಡಿ ಯಾವುದೂ ಕೂಡದು. ಸೇಬು ಕೊಡುವಾಗ ಬೀಜ ತೆಗೆಯಬೇಕು. ಹಸಿ ಆಹಾರವನ್ನು ಎರಡು ಮೂರು ಗಂಟೆಗಳಲ್ಲಿ ಪಂಜರದಿಂದ ತೆಗೆದುಬಿಡಬೇಕು. ಹಣ್ಣು ಹೆಚ್ಚು ತಿನ್ನುವುದರಿಂದ ಹಿಕ್ಕೆ ದೊಡ್ಡದಾಗಿಯೂ ನೀರಾಗಿಯೂ ಇರುವುದು ಸಹಜ, ಅದನ್ನು ಭೇದಿಯೆಂದು ಗಾಬರಿಪಡಬೇಕಿಲ್ಲ.

ಪಂಜರ ಕನಿಷ್ಠ 90 ಸೆಂಟಿಮೀಟರ್ ಅಗಲ, 60 ಸೆಂಟಿಮೀಟರ್ ಆಳ, 120 ಸೆಂಟಿಮೀಟರ್ ಎತ್ತರವಿರಲಿ. ಸರಳುಗಳ ನಡುವೆ ಎರಡೂವರೆ ಸೆಂಟಿಮೀಟರ್‌ಗಿಂತ ಹೆಚ್ಚು ಸಂದು ಬೇಡ. ಒಂದೇ ದಪ್ಪದ ನುಣುಪು ಕೋಲುಗಳಿಗಿಂತ ತೊಗಟೆಯಿರುವ, ಬೇರೆ ಬೇರೆ ದಪ್ಪದ ಕೊಂಬೆಗಳು ಪಾದಕ್ಕೆ ಹಿತ. ಒಂದು ಬದಿ ಗೋಡೆಗೆ ಒತ್ತಿಕೊಂಡಂತಿದ್ದರೆ ಹಕ್ಕಿಗೆ ಧೈರ್ಯ. ಅಡುಗೆಮನೆಯಲ್ಲಿ ಮಾತ್ರ ಪಂಜರ ಇಡಲೇಬಾರದು: ತಳ ಹಿಡಿಯದ ಲೇಪನದ ಪಾತ್ರೆ ಅತಿಯಾಗಿ ಕಾದಾಗ ಹೊರಡುವ ಅನಿಲ ನಮಗೆ ವಾಸನೆ ತಿಳಿಯುವ ಮೊದಲೇ ಹಕ್ಕಿಯ ಪ್ರಾಣ ತೆಗೆಯಬಲ್ಲದು. ಮಳೆಕಾಡಿನ ಹಕ್ಕಿಯಾದ್ದರಿಂದ ವಾರಕ್ಕೆ ಹಲವು ಬಾರಿ ನೀರಿನ ತುಂತುರು ಸ್ನಾನ ಬೇಕು, ರಾತ್ರಿ ಹತ್ತರಿಂದ ಹನ್ನೆರಡು ಗಂಟೆ ಗದ್ದಲವಿಲ್ಲದ ನಿದ್ರೆ ಬೇಕು. ದಿನವೂ ಕೆಲವು ಗಂಟೆ ಪಂಜರದ ಹೊರಗೆ ಕಳೆಯಬೇಕು.

ಎಕ್ಲೆಕ್ಟಸ್ ಬಹಳ ಸ್ಪಷ್ಟವಾಗಿ ಮಾತನಾಡಬಲ್ಲದು. ಬೆಚ್ಚಿದಾಗ ಹೊರಡಿಸುವ ಕರ್ಕಶ ಕೂಗು ಅಷ್ಟೇ ಸ್ಪಷ್ಟ. ಆದರೆ ಇದರ ಮೌನವೇ ಹೆಚ್ಚು ಮೋಸಗೊಳಿಸುವಂಥದ್ದು. ಹೆದರಿದಾಗ ಇದು ಹಾರಾಡಿ ಗಲಾಟೆ ಮಾಡುವ ಬದಲು ಗರಿಗಳನ್ನು ಮೈಗೆ ಒತ್ತಿಕೊಂಡು ಕಲ್ಲಿನಂತೆ ನಿಂತುಬಿಡುತ್ತದೆ. ಅದನ್ನು ಕಂಡು ‘ಎಷ್ಟು ಸಾಧು’ ಎಂದು ಹತ್ತು ಜನ ಅತಿಥಿಗಳ ಕೈಗೆ ದಾಟಿಸಿದರೆ, ಆ ಭಯವೇ ಮುಂದೆ ಕಚ್ಚುವಿಕೆಯಾಗಿಯೋ ಗರಿ ಕೀಳುವ ಚಟವಾಗಿಯೋ ಹೊರಬರುತ್ತದೆ. ಹೊಸ ವಸ್ತುವನ್ನು ದೂರದಿಂದ ತೋರಿಸಿ, ಅದು ತಾನಾಗಿ ಹತ್ತಿರ ಬಂದಾಗ ಒಂದು ದಾಳಿಂಬೆ ಕಾಳು ಕೊಡುವ ನಿಧಾನದ ಕ್ರಮವೇ ಫಲ ಕೊಡುತ್ತದೆ. ಗರಿ ಕೀಳುವುದು ಆರಂಭವಾಗಿದ್ದರೆ ಬೇಸರವೇ ಕಾರಣವೆಂದು ಆಟಿಕೆ ತರುವ ಮೊದಲು ವೈದ್ಯಕೀಯ ತಪಾಸಣೆ ಮಾಡಿಸಬೇಕು.

ಹೆಣ್ಣು ಸಾಕುವವರಿಗೆ ಇನ್ನೊಂದು ಎಚ್ಚರ. ಆಸ್ಟ್ರೇಲಿಯಾದ ಕೇಪ್ ಯಾರ್ಕ್ ಕಾಡಿನಲ್ಲಿ ರಾಬರ್ಟ್ ಹೈನ್‌ಸನ್ ನಡೆಸಿದ ಅಧ್ಯಯನದಲ್ಲಿ, ಹೆಣ್ಣು ವರ್ಷದ ಹನ್ನೊಂದು ತಿಂಗಳವರೆಗೂ ತನ್ನ ಪೊಟರೆಯನ್ನು ಕಾಯುತ್ತ ಉಳಿಯುವುದೂ ಹಲವು ಗಂಡುಗಳು ತಂದು ಉಣಿಸುವ ಆಹಾರದ ಮೇಲೆ ಬದುಕುವುದೂ ಕಂಡುಬಂದಿದೆ. ಒಳ್ಳೆಯ ಪೊಟರೆ ಅಷ್ಟು ಅಪರೂಪ. ಹೀಗಿರುವಾಗ ಮನೆಯ ಸೋಫಾದ ಅಡಿ, ಬೀರುವಿನ ತೆರೆದ ಖಾನೆ, ಪಂಜರಕ್ಕೆ ತೂಗುಹಾಕಿದ ಬಟ್ಟೆಯ ಗುಡಾರ, ಇವೆಲ್ಲ ಅದರ ಕಣ್ಣಿಗೆ ಪೊಟರೆಗಳೇ. ಅಲ್ಲಿ ಸೇರಿಕೊಂಡರೆ ಸಿಡುಕು ಹೆಚ್ಚುತ್ತದೆ, ಗಂಡಿಲ್ಲದೆಯೂ ಮೊಟ್ಟೆಯಿಡುತ್ತದೆ. ಮತ್ತೆ ಮತ್ತೆ ಇಟ್ಟರೆ ಕ್ಯಾಲ್ಸಿಯಂ ಬರಿದಾಗಿ ಮೊಟ್ಟೆ ಒಳಗೇ ಸಿಕ್ಕಿಕೊಳ್ಳುವ ಅಪಾಯವಿದೆ. ಕತ್ತಲೆಯ ಮೂಲೆಗಳನ್ನು ಮುಚ್ಚಿ, ಬೆನ್ನು ಮತ್ತು ರೆಕ್ಕೆಯಡಿ ಸವರುವುದನ್ನು ಬಿಟ್ಟು, ತಲೆ ಕೊರಳನ್ನಷ್ಟೇ ಮುಟ್ಟಬೇಕು. ಒಂಟಿ ಹೆಣ್ಣು ಮೊಟ್ಟೆಯಿಟ್ಟೇಬಿಟ್ಟರೆ ತಕ್ಷಣ ತೆಗೆಯಬಾರದು, ತೆಗೆದರೆ ಇನ್ನೊಂದು ಇಡುತ್ತದೆ. ಅದು ತಾನೇ ಆಸಕ್ತಿ ಕಳೆದುಕೊಳ್ಳುವವರೆಗೆ ಕಾಯಬೇಕು. ಮೊಟ್ಟೆಯಿಡಲಾಗದೆ ತಿಣುಕುತ್ತ ಪಂಜರದ ತಳದಲ್ಲಿ ಕುಳಿತರೆ ಅದು ಆ ಕ್ಷಣವೇ ವೈದ್ಯರ ಬಳಿಗೆ ಒಯ್ಯಬೇಕಾದ ಸ್ಥಿತಿ.

ಹಕ್ಕಿಗಳು ಕಾಯಿಲೆಯನ್ನು ಕೊನೆಯವರೆಗೂ ಮುಚ್ಚಿಡುತ್ತವೆ. ಆದ್ದರಿಂದ ವಾರಕ್ಕೊಮ್ಮೆ, ಬೆಳಗಿನ ಊಟಕ್ಕೆ ಮೊದಲು, ಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಗಿ ಬರೆದಿಡಬೇಕು. ಬೆಳೆದ ಪಕ್ಷಿ ಉಪಜಾತಿಗೆ ತಕ್ಕಂತೆ ಸುಮಾರು 350ರಿಂದ 550 ಗ್ರಾಂ ತೂಗುತ್ತದೆ. ತೂಕ ಹತ್ತರಲ್ಲಿ ಒಂದು ಪಾಲು ಇಳಿದರೆ ಕಾಯಬಾರದು. ಮನೆಯಲ್ಲಿ ಬೇರೆ ಹಕ್ಕಿಗಳಿದ್ದರೆ ಹೊಸದನ್ನು ಕನಿಷ್ಠ ಒಂದು ತಿಂಗಳು ಬೇರೆ ಕೋಣೆಯಲ್ಲಿಡಬೇಕು, ಗರಿ ಕೊಕ್ಕಿನ ವೈರಾಣು ರೋಗಕ್ಕೂ ಮನುಷ್ಯರಿಗೂ ಹರಡಬಲ್ಲ ಸಿಟ್ಟಕೋಸಿಸ್ ಎಂಬ ಸೋಂಕಿಗೂ ಪರೀಕ್ಷೆ ಮಾಡಿಸಬೇಕು. ವೈದ್ಯರಲ್ಲಿಗೆ ಒಯ್ಯುವ ಪೆಟ್ಟಿಗೆಯನ್ನು ಆರೋಗ್ಯವಾಗಿರುವಾಗಲೇ ಹಣ್ಣಿನ ಚೂರು ಇಟ್ಟು ಪರಿಚಯಿಸಿರಬೇಕು. ಹೆಣ್ಣಾಗಿದ್ದರೆ ಪ್ರತಿ ಅಭ್ಯಾಸದ ಅನಂತರ ಪೆಟ್ಟಿಗೆಯನ್ನು ಎತ್ತಿಟ್ಟುಬಿಡಬೇಕು, ಇಲ್ಲದಿದ್ದರೆ ಅದೂ ಒಂದು ಪೊಟರೆಯಾಗುತ್ತದೆ.