ವಾಕ್ಯದ ರುಚಿ ಹತ್ತುವುದು ಹೇಗೆ?

‘ಸತ್ಯವೇದ ಓದಬೇಕು ಅಂತ ಗೊತ್ತು, ಆದರೆ ಓದೋಣ ಅಂತ ಮನಸ್ಸೇ ಬರೋದಿಲ್ಲ.’ ವಿಶ್ವಾಸಿಗಳು ಈ ಮಾತನ್ನು ದನಿ ತಗ್ಗಿಸಿ, ಪಾಪ ಒಪ್ಪಿಕೊಳ್ಳುವವರ ಹಾಗೆ ಹೇಳುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಅವರಲ್ಲಿ ನಂಬಿಕೆ ಇದೆ, ಹಸಿವು ಇಂಗಿದೆ. ಒಂದು ಹೊತ್ತಿನ ಊಟ ತಪ್ಪಿದರೆ ಹೊಟ್ಟೆಯ ಹಸಿವು ಹೆಚ್ಚುತ್ತದೆ. ಸತ್ಯವೇದದ, ಅಂದರೆ ಬೈಬಲಿನ, ವಾಕ್ಯದ ಹಸಿವಿನ ಲೆಕ್ಕವೇ ಬೇರೆ: ಬಿಟ್ಟಷ್ಟೂ ಆರುತ್ತದೆ, ಉಂಡಷ್ಟೂ ಏರುತ್ತದೆ. ಆಸೆ ಹುಟ್ಟಿದ ಮೇಲೆ ಓದುತ್ತೇನೆ ಎಂದು ಕಾಯುವವರು ಕಾಯುತ್ತಲೇ ಇರಬೇಕಾಗುತ್ತದೆ. ಬಹಳ ದಿನ ಹಾಸಿಗೆ ಹಿಡಿದು ಎದ್ದವರಿಗೆ ಗುಟುಕು ಗುಟುಕಾಗಿ ಉಣಿಸುವಂತೆ ಇಲ್ಲಿಯೂ ಶುರು ಮಾಡಬೇಕು.

ಎಲ್ಲಿಂದ ಶುರು ಮಾಡುವುದು?

ಮೊದಲ ಪುಟದಿಂದಲೇ ಆಗಬೇಕೆಂದಿಲ್ಲ. ಹೊಸ ವರ್ಷದ ದಿನ ಆದಿಕಾಂಡ ಹಿಡಿದವರು ಯೋಸೇಫನ ಕಥೆಯವರೆಗೆ ಉತ್ಸಾಹದಿಂದಲೇ ಬರುತ್ತಾರೆ. ವಿಮೋಚನಕಾಂಡದ 25ನೇ ಅಧ್ಯಾಯದಲ್ಲಿ ದೇವದರ್ಶನದ ಗುಡಾರದ ಅಳತೆಗಳು ಶುರುವಾಗುತ್ತಿದ್ದಂತೆ ಕಾಲು ತಡೆಯುತ್ತದೆ, ಯಾಜಕಕಾಂಡಕ್ಕೆ ಬರುವ ಹೊತ್ತಿಗೆ ಪುಸ್ತಕ ಕಪಾಟು ಸೇರಿರುತ್ತದೆ. ಆ ಭಾಗಗಳಿಗೂ ತಮ್ಮದೇ ಸವಿ ಇದೆ, ಆದರೆ ಅದು ಹಲ್ಲು ಬಂದ ಮೇಲಿನ ಊಟ. ಹಾಲಿಗೂ ಗಟ್ಟಿಯಾದ ಆಹಾರಕ್ಕೂ ಇರುವ ವ್ಯತ್ಯಾಸವನ್ನು ಇಬ್ರಿಯರಿಗೆ ಬರೆದ ಪತ್ರಿಕೆಯೇ ಹೇಳುತ್ತದೆ.

ಮಾರ್ಕನ ಸುವಾರ್ತೆಯಿಂದ ಆರಂಭಿಸಿ ಎಂಬುದು ನನ್ನ ಸಲಹೆ. ಯೇಸುವಿನ ಜೀವನವನ್ನು ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು, 16 ಅಧ್ಯಾಯ. ಓಟವೂ ಚುರುಕು, ‘ತಕ್ಷಣ’ ಎಂಬ ಅರ್ಥದ ಗ್ರೀಕ್ ಪದ ಅದರಲ್ಲಿ ಸುಮಾರು 40 ಸಲ ಬರುತ್ತದೆ. ಅದು ಮುಗಿದ ಮೇಲೆ ರೂತಳು ಎಂಬ ಪುಸ್ತಕ ಅಥವಾ ಫಿಲಿಪ್ಪಿಯವರಿಗೆ ಬರೆದ ಪತ್ರಿಕೆ, ಎರಡೂ ನಾಲ್ಕೇ ಅಧ್ಯಾಯ. ಜೊತೆಗೆ ಕೀರ್ತನೆಗಳ ಪುಸ್ತಕದಿಂದ ದಿನಕ್ಕೊಂದು ಕೀರ್ತನೆ ಇರಲಿ. ಹಳೆಯ ಅನುವಾದದ ಭಾಷೆ ಗಂಟಲಲ್ಲಿ ಸಿಕ್ಕಿಕೊಳ್ಳುವಂತಿದ್ದರೆ ಸರಳ ಭಾಷೆಯದನ್ನು ತೆಗೆದುಕೊಳ್ಳಿ. ಅದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ.

ಎಷ್ಟು ಓದುವುದು?

ನೀವು ಅಂದುಕೊಂಡದ್ದಕ್ಕಿಂತ ಕಡಿಮೆ. 66 ಪುಸ್ತಕಗಳ ಸತ್ಯವೇದದಲ್ಲಿ 1,189 ಅಧ್ಯಾಯಗಳಿವೆ. ವರ್ಷದಲ್ಲಿ ಮುಗಿಸಬೇಕಾದರೆ ದಿನಕ್ಕೆ ಮೂರಕ್ಕಿಂತ ಹೆಚ್ಚು ಅಧ್ಯಾಯ ಬೇಕು. ಸ್ಕಾಟ್ಲೆಂಡಿನ ಡಂಡೀಯಲ್ಲಿ ಸಭಾಪಾಲಕರಾಗಿದ್ದ ರಾಬರ್ಟ್ ಮರ್ರೆ ಮಕ್‌ಚೇನ್ 1842ರಲ್ಲಿ ತಮ್ಮ ಸಭೆಯವರಿಗಾಗಿ ದಿನಕ್ಕೆ ಸುಮಾರು ನಾಲ್ಕು ಅಧ್ಯಾಯಗಳ ಪಟ್ಟಿ ಮಾಡಿಕೊಟ್ಟರು. ಅದನ್ನು ಇಂದಿಗೂ ಎಷ್ಟೋ ಜನ ಅನುಸರಿಸುತ್ತಾರೆ. ಹಸಿವಿರುವವರಿಗೆ ಅದು ಹಬ್ಬ. ಹಸಿವು ಇಂಗಿದವರಿಗೆ ಮಾತ್ರ ಹೊರೆಯಾದೀತು. ನೀವು ಮೊದಲ ತಿಂಗಳು ದಿನಕ್ಕೆ 10–15 ವಚನ ಓದಿ, ಇನ್ನಷ್ಟು ಓದೋಣ ಅನ್ನಿಸುತ್ತಿರುವಾಗಲೇ ನಿಲ್ಲಿಸಿ. ಆ ಉಳಿದ ಆಸೆಯೇ ಮರುದಿನ ನಿಮ್ಮನ್ನು ಪುಸ್ತಕದ ಬಳಿಗೆ ಕರೆತರುತ್ತದೆ.

ಸಮಯ, ಜಾಗ ಒಂದೇ ಆಗಿರಲಿ. ಬೆಳಿಗ್ಗೆಯೇ ಆಗಬೇಕೆಂದು ಆಜ್ಞೆಯೇನೂ ಇಲ್ಲ. ಆದರೆ ಫೋನ್ ಕೈಗೆತ್ತಿಕೊಳ್ಳುವ ಮುಂಚೆ ಓದಿ. ಹತ್ತು ನಿಮಿಷ ಸುದ್ದಿ, ವಿಡಿಯೊ ನೋಡಿದ ಮನಸ್ಸು ಅರ್ಧ ತುಂಬಿರುತ್ತದೆ, ಆಮೇಲೆ ಎಂಥ ವಚನವೂ ಸಪ್ಪೆ. ಆದ್ದರಿಂದಲೇ ಅಚ್ಚಾದ ಪುಸ್ತಕವೇ ಮೇಲು ಎನ್ನುತ್ತೇನೆ. ರಾತ್ರಿ ಮಲಗುವಾಗ ನಾಳೆಯ ಪುಟದಲ್ಲಿ ಗುರುತಿನ ಪಟ್ಟಿ ಇಟ್ಟು, ಕೈಗೆಟುಕುವ ಕಡೆ ಇಡಿ.

ಬಾಯಿಬಿಟ್ಟು ಓದಿ, ಮೆಲುಕು ಹಾಕಿ

ಎಲ್ಲಕ್ಕಿಂತ ಮುಖ್ಯ ಎಂದು ನಾನು ನಂಬಿರುವ ಹೆಜ್ಜೆ ಇದು. ಯೆಹೋವನ ಧರ್ಮಶಾಸ್ತ್ರವನ್ನು ಹಗಲಿರುಳು ಧ್ಯಾನಿಸುವವನು ಧನ್ಯನು ಎನ್ನುತ್ತದೆ ಮೊದಲನೆಯ ಕೀರ್ತನೆ. ಅಲ್ಲಿ ‘ಧ್ಯಾನ’ಕ್ಕೆ ಬಳಕೆಯಾದ ಹೀಬ್ರೂ ಪದ ‘ಹಾಗಾ’. ಬೇಟೆಯ ಮೇಲೆ ನಿಂತ ಸಿಂಹದ ಗುರುಗುಟ್ಟುವಿಕೆಗೂ (ಯೆಶಾಯ 31:4), ಪಾರಿವಾಳದ ಮುಲುಕಿಗೂ (ಯೆಶಾಯ 38:14) ಅದೇ ಪದ. ಅಂದರೆ ಆ ಧ್ಯಾನ ತುಟಿ, ನಾಲಿಗೆಗಳಲ್ಲಿ ನಡೆಯುವಂಥದ್ದು. ಅಪೊಸ್ತಲರ ಕೃತ್ಯಗಳು 8ನೇ ಅಧ್ಯಾಯದಲ್ಲಿ ಇಥಿಯೋಪ್ಯದ ಅಧಿಕಾರಿ ರಥದಲ್ಲಿ ಕೂತು ಏನು ಓದುತ್ತಿದ್ದಾನೆಂದು ರಥದ ಬಳಿಗೆ ಓಡಿಬಂದ ಫಿಲಿಪ್ಪನಿಗೆ ತಿಳಿದದ್ದು ಹೇಗೆ? ಅವನು ಓದುವುದು ಕಿವಿಗೆ ಬಿತ್ತು.

ನೀವೇ ಮಾಡಿ ನೋಡಿ. 23ನೇ ಕೀರ್ತನೆ ಬಾಯಿಪಾಠ ಇರುವವರೂ ಒಮ್ಮೆ ನಿಧಾನವಾಗಿ, ನಿಮ್ಮ ಕಿವಿಗೆ ಕೇಳುವಂತೆ ಓದಿ. ಮೊದಲ ಮೂರು ವಚನಗಳಲ್ಲಿ ದಾವೀದನು ದೇವರ ಬಗ್ಗೆ ಮಾತಾಡುತ್ತಾನೆ: ಆತನು ತಂಗಿಸುತ್ತಾನೆ, ಆತನು ನಡೆಸುತ್ತಾನೆ. ನಾಲ್ಕನೆಯ ವಚನದಲ್ಲಿ ಕಾರ್ಗತ್ತಲಿನ ಕಣಿವೆ ಬರುತ್ತದೆ, ‘ಆತನು’ ಹೋಗಿ ಥಟ್ಟನೆ ‘ನೀನು’ ಬರುತ್ತದೆ: ನೀನು ಹತ್ತಿರವಿರುತ್ತೀಯಲ್ಲಾ! ಹಸುರುಗಾವಲಿನಲ್ಲಿ ದೇವರ ವಿಷಯ ಹೇಳುತ್ತಿದ್ದವನು ಕತ್ತಲಲ್ಲಿ ದೇವರೊಂದಿಗೇ ಮಾತಿಗಿಳಿಯುತ್ತಾನೆ. ಬಾಲ್ಯದಿಂದ ಹೇಳಿಕೊಂಡು ಬಂದ ಈ ಕೀರ್ತನೆಯಲ್ಲಿ ಆ ತಿರುವು ನನ್ನ ಕಿವಿಗೆ ಬಿದ್ದ ದಿನ ಮುಂದಕ್ಕೆ ಓದಲಾಗದೆ ಬಹಳ ಹೊತ್ತು ಅಲ್ಲಿಯೇ ಕುಳಿತಿದ್ದೆ.

ಮಾರ್ಕನ 4ನೇ ಅಧ್ಯಾಯದ ಬಿರುಗಾಳಿಯನ್ನೂ ಹೀಗೆಯೇ ನೋಡಿ. ಯೇಸು ದೋಣಿಯ ಹಿಂಭಾಗದಲ್ಲಿ ತಲೆದಿಂಬಿನ ಮೇಲೆ ನಿದ್ದೆಮಾಡುತ್ತಿದ್ದನು. ಮತ್ತಾಯ, ಲೂಕರು ನಿದ್ದೆಯನ್ನು ಹೇಳಿದ್ದಾರೆ, ತಲೆದಿಂಬನ್ನು ಹೇಳಿದವನು ಮಾರ್ಕ ಒಬ್ಬನೇ. ಅಲೆಗಳು ದೋಣಿಗೆ ನುಗ್ಗುತ್ತಿರುವಾಗ ಆ ದಿಂಬು ಯಾರ ಕಣ್ಣಿಗೆ ಬಿತ್ತು? ಎಷ್ಟು ದಣಿದಿದ್ದರೆ ಆ ಗಾಳಿಯಲ್ಲೂ ನಿದ್ದೆ ಬಂದೀತು? ಇಂಥ ಒಂದು ಪ್ರಶ್ನೆಯನ್ನು ದಿನವಿಡೀ ಜೊತೆಗೆ ಒಯ್ಯುವುದೇ ಮೆಲುಕು. ಚಿಕ್ಕ ನೋಟ್‌ಬುಕ್ಕಿನಲ್ಲಿ ಅದನ್ನು ಒಂದೇ ಸಾಲಿನಲ್ಲಿ ಬರೆದಿಡಿ.

ಓದಿದ್ದನ್ನು ಪ್ರಾರ್ಥನೆ ಮಾಡಿ

ಬ್ರಿಸ್ಟಲ್‌ನಲ್ಲಿ ಅನಾಥಾಲಯಗಳನ್ನು ನಡೆಸಿದ ಜಾರ್ಜ್ ಮುಲ್ಲರ್ ಪ್ರಾರ್ಥನೆಯ ಮನುಷ್ಯರೆಂದೇ ಹೆಸರಾದವರು. ವರ್ಷಗಟ್ಟಲೆ ಅವರು ಬೆಳಿಗ್ಗೆ ಎದ್ದೊಡನೆ ಪ್ರಾರ್ಥನೆಗೆ ಕೂರುತ್ತಿದ್ದರು, ಎಷ್ಟೋ ಸಲ ಅರ್ಧ ಗಂಟೆಯವರೆಗೂ ಮನಸ್ಸು ಅಲೆಯುತ್ತಿತ್ತು. ಮೊದಲು ವಾಕ್ಯವನ್ನು ಧ್ಯಾನಿಸಬೇಕು, ಪ್ರಾರ್ಥನೆ ಅದರಿಂದಲೇ ಹೊರಡುತ್ತದೆ ಎಂದು ತಾವು ಕಲಿತದ್ದನ್ನು 1841ರಲ್ಲಿ ಬರೆದಿಟ್ಟರು. ಓದಿದ ವಚನದಲ್ಲಿ ವಾಗ್ದಾನ ಇದ್ದರೆ ಸ್ತೋತ್ರ ಹೇಳಿ, ಆಜ್ಞೆ ಇದ್ದರೆ ಬಲ ಕೇಳಿ, ಅರ್ಥವಾಗದಿದ್ದರೆ ಅದನ್ನೇ ದೇವರಿಗೆ ಹೇಳಿ. ಓದು ಮಾತುಕತೆಯಾದಾಗಲೇ ರುಚಿ ಹತ್ತುವುದು. ಒಬ್ಬ ಗೆಳೆಯ, ಒಬ್ಬ ಅಕ್ಕ, ಯಾರಾದರೂ ಅದೇ ಅಧ್ಯಾಯ ಓದುತ್ತಿದ್ದರೆ ವಾರಕ್ಕೊಮ್ಮೆ ಹಂಚಿಕೊಳ್ಳಿ.

ದಿನ ತಪ್ಪಿದರೆ?

ತಪ್ಪುತ್ತದೆ. ಆಗ ಬಾಕಿ ಅಧ್ಯಾಯಗಳನ್ನು ಒಟ್ಟುಹಾಕಿ ಒಂದೇ ದಿನ ಓದಿ ಮುಗಿಸಲು ಹೋಗಬೇಡಿ. ಬಿಟ್ಟಲ್ಲಿಂದ ಇಂದಿನ ಪಾಲು ಓದಿ. ಅರಣ್ಯದಲ್ಲಿ ಇಸ್ರಾಯೇಲ್ಯರು ದೇವರು ಆಕಾಶದಿಂದ ಸುರಿಸಿದ ಆಹಾರವಾದ ಮನ್ನವನ್ನು ಆಯಾ ದಿನಕ್ಕೆ ಬೇಕಾದಷ್ಟೇ ಕೂಡಿಸಿಕೊಳ್ಳಬೇಕಿತ್ತು. ವಿಶ್ರಾಂತಿಯ ದಿನವಾದ ಸಬ್ಬತ್ತಿಗೆಂದು ತೆಗೆದಿಟ್ಟದ್ದರ ಹೊರತು ಮರುದಿನಕ್ಕೆ ಉಳಿಸಿದ್ದೆಲ್ಲ ಹುಳಬಿದ್ದು ನಾರಿತು (ವಿಮೋಚನಕಾಂಡ 16).

ಓದಿದರೂ ಏನೂ ಅನ್ನಿಸದ ವಾರಗಳೂ ಬರುತ್ತವೆ. ಆಗ 119ನೇ ಕೀರ್ತನೆ ತೆರೆಯಿರಿ. ದೇವರ ವಾಕ್ಯವನ್ನು ಅಷ್ಟು ಉದ್ದಕ್ಕೆ, 176 ವಚನಗಳಲ್ಲಿ ಕೊಂಡಾಡಿದ ಕವಿ ಅದನ್ನು ಜೇನಿಗಿಂತ ಸಿಹಿ ಎನ್ನುತ್ತಾನೆ. ಅದೇ ಕವಿ 25ನೇ ವಚನದಲ್ಲಿ ಧೂಳಿಗೆ ಅಂಟಿಕೊಂಡಿದ್ದೇನೆ ಎನ್ನುತ್ತಾನೆ, ಕೊನೆಯ ವಚನದಲ್ಲಿ ದಾರಿತಪ್ಪಿದ ಕುರಿಯಾಗಿದ್ದೇನೆ, ಬಂದು ಹುಡುಕು ಎಂದು ಬೇಡಿಕೊಳ್ಳುತ್ತಾನೆ. ಬೇರೇನೂ ಒಳಗೆ ಇಳಿಯದ ದಿನ ಆ ಕೊನೆಯ ಒಂದು ವಚನವನ್ನೇ ಗಟ್ಟಿಯಾಗಿ ಎರಡು ಸಲ ಓದಿ, ಗುರುತಿನ ಪಟ್ಟಿಯನ್ನು ನಾಳೆಯ ಪುಟದಲ್ಲೇ ಬಿಟ್ಟು ಪುಸ್ತಕ ಮುಚ್ಚಿ.